ಚಾಚಾಗೆ ಅಪ್ಪ ಓದಿ ಹೇಳುತ್ತಿದ್ದ ಪೇಪರು

ಆ ದಿನಗಳಲ್ಲಿ ಕೋಠಿ ಬಜಾರಿನ ಹಿಂದಿನ ನಮ್ಮ ವಠಾರದಲ್ಲಿ ಮೂರು ಮನೆಗಳಿದ್ದವು, ಇಂಗ್ಲಿಷೂ ಮೂರು ಬಗೆಯದಿತ್ತು. ನಾಲ್ಕು ಮನೆಗಳಿದ್ದವು ಎಂದು ಅಕ್ಕ ತಿದ್ದುತ್ತಾಳೆ. ಇರಬಹುದು. ಇಂಗ್ಲಿಷಿನ ಲೆಕ್ಕ ಮಾತ್ರ ತಪ್ಪಿಲ್ಲ. ಮಹಡಿಯ ತೆಲುಗು ಆಂಟಿ ಪ್ರತಿ ಪದದ ಬಾಲ ಹಿಡಿದು ಎಳೆಯುತ್ತಿದ್ದರು: ರೈಸೂ, ಗ್ಯಾಸೂ, ಟೆನ್ಷನೂ. ಎದುರುಮನೆಯ ಚಾಚಾ ಇಸ್ಕೂಲು, ಇಸ್ಟೇಷನ್ನು ಅನ್ನುತ್ತಿದ್ದರು. ರಾಯಚೂರು ಕಡೆಯಿಂದ ಬಂದ ನಮ್ಮ ಮನೆಯಲ್ಲಿ ಎಲೆಕ್ಷನ್ ಯಲೆಕ್ಷನ್ ಆಗುತ್ತಿತ್ತು, ಅಪೋಜಿಷನ್ ವಪೋಜಿಷನ್ ಆಗುತ್ತಿತ್ತು. ಯಾರೂ ಯಾರನ್ನೂ ತಿದ್ದುತ್ತಿರಲಿಲ್ಲ.

ಚಾಚಾ ಮೂಲತಃ ಬೀದರಿನವರು, ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಕಣ್ಣಿಗೆ ಪೊರೆ ಬಂದ ಮೇಲೆ ಉರ್ದು ಪೇಪರನ್ನು ಚಾಚಿ ಓದಿ ಹೇಳುತ್ತಿದ್ದರು. ಇಂಗ್ಲಿಷ್ ಪೇಪರು ನನ್ನ ಅಪ್ಪನ ಪಾಲಿಗೆ ಬಂದಿತ್ತು. ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗುವ ಮುಂಚೆ, ಅಂಗಳದ ಎಳೆಬಿಸಿಲಿನಲ್ಲಿ ಅಪ್ಪ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಚಾಚಾ ಚಹಾದಲ್ಲಿ ಬಿಸ್ಕತ್ತು ಅದ್ದಿ ಕಿವಿಗೊಡುತ್ತಿದ್ದರು. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ, ಅಪ್ಪನ ಅಂಗಿಯಿಂದ ತೊಳೆದರೂ ಹೋಗದ ಟಿಂಚರಿನ ವಾಸನೆ. ಸುದ್ದಿಯ ನಡುವೆ ಅಪ್ಪ ತನ್ನ ಮಾತನ್ನೂ ಸೇರಿಸುತ್ತಿದ್ದ.

“ಗೌರ್ಮೆಂಟ್ ಪ್ರಾಮಿಸಸ್ ನ್ಯೂ ರೋಡ್… ಹೂಂ, ಹಾಕಿದ್ರು ಬಿಡ್ರಿ ಚಾಚಾ.”

“ಹೋದ ವರ್ಷನೂ ಇದೇ ರೋಡ್ ಇತ್ತಲ್ಲ ಶರಣಪ್ಪ ಭಾಯಿ?”

“ಅದ ರೋಡ್ ರೀ. ಪೇಪರದಾಗ ಭಾಳ ಚಲೋ ಐತಿ.”

ಇಬ್ಬರೂ ನಗುತ್ತಿದ್ದರು.

ನಾನು ಆರನೇ ಕ್ಲಾಸಿನಲ್ಲಿದ್ದ ಚಳಿಗಾಲದಲ್ಲಿ ಶಾಲೆಗೆ ಹೊಸ ಇಂಗ್ಲಿಷ್ ಟೀಚರ್ ಬಂದರು. ನಾನು ಪಾಠ ಓದುವಾಗ ಆನೆಯನ್ನು “ಯಲಿಫಂಟ್” ಅಂದೆ. ಟೀಚರ್ ನನ್ನನ್ನು ಮುಂದೆ ನಿಲ್ಲಿಸಿ ಸರಿಯಾಗಿ ಬರುವವರೆಗೆ ಹೇಳಿಸಿದರು. ಹತ್ತು ಸಲ ಇರಬೇಕು; ನೆನಪು ಇಂಥ ಕಡೆ ಲೆಕ್ಕ ಹೆಚ್ಚಿಸುತ್ತದೆ. ಸಂಜೆ ಕ್ರಿಕೆಟ್ಟಿನಲ್ಲಿ ನಾನು ಬ್ಯಾಟ್ ಹಿಡಿದರೆ ಹುಡುಗರು, “ಹಟೋ ಹಟೋ, ಯಲಿಫಂಟ್ ಆಯಾ!” ಎಂದು ಕೂಗಿದರು.

ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಪೇಪರು ಬಿಡಿಸಿ “ಯಲೆಕ್ಷನ್” ಎಂದು ಶುರುಮಾಡಿದ. ನಾನು ಹಲ್ಲುಜ್ಜುತ್ತಿದ್ದವನು ತಿರುಗಿ ನಿಂತೆ.

“ಯಲೆಕ್ಷನ್ ಅಲ್ಲಪ್ಪಾ, ಎಲೆಕ್ಷನ್. ನಿನಗ ಓದಾಕ ಬರಂಗಿಲ್ಲ, ಸುಮ್ನ ಯಾಕ ಓದ್ತಿ?”

ರೊಟ್ಟಿಯ ಸಪ್ಪಳ ನಿಂತಿತು. ಅಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟ. ಸಿಟ್ಟಾಗಲಿಲ್ಲ.

“ಹೌದು ತಮ್ಮಾ. ನಾಳಿಂದ ನೀನ ಓದು.”

ನಾನು ಓದಿದೆ. ಟೀಚರ್ ಕಲಿಸಿದ ಹಾಗೆ, ಒಂದೂ ಯಕಾರ ನುಸುಳದ ಹಾಗೆ. ಅಪ್ಪ ಬಚ್ಚಲಿನಲ್ಲಿ ಬೇಕಿಲ್ಲದಷ್ಟು ಹೊತ್ತು ಗಡ್ಡ ಹೆರೆಯುತ್ತಿದ್ದ. ಮೊದಲ ದಿನ ಚಾಚಾ “ಶಾಬಾಶ್ ಮಿಯಾಂ” ಅಂದರು. ಎರಡನೇ ದಿನ ಬರೀ ಚಹಾ ಕುಡಿದರು. ಮೂರನೇ ದಿನ ಕೈ ಚಾಚಿ, ತಡವಿ, ಪೇಪರಿನ ಮೇಲೆ ಅಂಗೈ ಇಟ್ಟರು.

“ಬಸ್ ಮಿಯಾಂ, ನಕ್ಕೊ, ಸಾಕು. ನಿಂದು ನನಗ ತಿಳಿಯಲ್ದು.”

“ಸರಿಯಾಗೇ ಓದಾಕತ್ತೀನಲ್ರಿ ಚಾಚಾ?”

“ಸರಿ ಅದ. ಖರೆ, ಎಲ್ಲಿ ನಗಬೇಕು, ಎಲ್ಲಿ ಬೈಬೇಕು, ಒಂದೂ ಗೊತ್ತಾಗಲ್ದು. ಮೂರು ದಿನದಿಂದ ಈ ಶಹರದಾಗ ಏನೂ ಆಗೇ ಇಲ್ಲ ಅನಿಸ್ಲತ್ತದ. ಹೋಗು, ನಿಮ್ಮ ಅಪ್ಪಾನ ಕರಕೊಂಡು ಬಾ.”

ಬಚ್ಚಲಿನ ಬಾಗಿಲಿಗೆ ಹೋಗಿ ನಿಂತೆ. ಕನ್ನಡಿಯಲ್ಲಿ ಅಪ್ಪನ ಅರ್ಧ ಮುಖ ಸಾಬೂನು.

“ಅಪ್ಪಾ, ಚಾಚಾ ಕರಿಯಾಕತ್ತಾರ.”

“ಯಾಕ? ನೀ ಓದಾಕತ್ತೀಯಲ್ಲ?”

“ನಂದು ತಿಳಿಯಂಗಿಲ್ಲಂತ. ನೀನ ಬೇಕಂತ.”

ಅಪ್ಪ ಹಾಗೇ ಸಾಬೂನಿನ ಮುಖದಲ್ಲಿ ಅಂಗಳಕ್ಕೆ ಬಂದ. ಪೇಪರು ಬಿಡಿಸಿದ. ತಲೆಬರಹದಲ್ಲಿ ಮತ್ತದೇ ಪದ. ಅದರ ಮುಂದೆ ನಿಂತು, ನನ್ನ ಕಡೆ ಒಮ್ಮೆ ನೋಡಿ, ಹೊಸ ಚಪ್ಪಲಿ ಹಾಕಿಕೊಂಡವನು ಹೆಜ್ಜೆ ಇಡುವಂತೆ ಹೇಳಿದ: “ಎ… ಎಲೆಕ್ಷನ್.”

“ಯಾಕ ನಿಂತಿ ಭಾಯಿ? ಅಕ್ಷರ ಅಳಿಸ್ಯಾವೇನು?” ಚಾಚಾ ಕೇಳಿದರು.

“ಇಲ್ರಿ ಚಾಚಾ, ಕಣ್ಣಾಗ ಸಾಬೂನು.”

ಮಾರನೆಯ ದಿನದಿಂದ ಅಪ್ಪ ಪೇಪರು ಬಿಡಿಸುವ ಹೊತ್ತಿಗೆ ನಾನು ಮೆಟ್ಟಿಲಿನ ಹಿಂದೆ ಹೋಗಿ ಕೂರುತ್ತಿದ್ದೆ. ನಾನು ಕಾಣದಿದ್ದರೆ ಅವನು ತಡವರಿಸುತ್ತಿರಲಿಲ್ಲ. ಅಲ್ಲಿಂದ ಯಲೆಕ್ಷನ್ನೂ ವಪೋಜಿಷನ್ನೂ ಮೊದಲಿನ ಹಾಗೇ ಕೇಳುತ್ತಿದ್ದವು, ಅವರಿಬ್ಬರ ನಗುವೂ. ಆದರೆ ನನ್ನೆದುರು ಅಪ್ಪ ಮತ್ತೆಂದೂ ಒಂದು ಇಂಗ್ಲಿಷ್ ಪದವನ್ನು ಯೋಚಿಸದೆ ಹೇಳಿದ್ದು ನನಗೆ ನೆನಪಿಲ್ಲ.

ಇದೆಲ್ಲ ಹೀಗೇ ನಡೆಯಿತೇ? ನಾನು ಇಷ್ಟೆಲ್ಲ ಓದಿ ಕಲಿತದ್ದು ಅನುಮಾನಿಸುವುದನ್ನೇ. ತಪ್ಪಿತಸ್ಥನ ನೆನಪು ತನಗೆ ಬೇಕಾದಂತೆ ಕತೆ ಹೊಸೆಯುತ್ತದೆ. ಅಪ್ಪ ಆ ಮೂರು ದಿನ ಜ್ವರದಿಂದ ಮಲಗಿದ್ದ, ಅದಕ್ಕೇ ನೀನು ಓದಿದ್ದು, ಅನ್ನುತ್ತಾಳೆ ಅಕ್ಕ. ಹಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಈಗ ನಾನಿರುವುದು ಅದೇ ಶಹರದ ಇನ್ನೊಂದು ತುದಿಯ ಮಿಯಾಪುರದಲ್ಲಿ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಯಾವ ಊರ ಕಡೆಯವರೆಂದು ಅವರ ಇಂಗ್ಲಿಷಿನಿಂದ ಹೇಳಲಾಗದು. ನನ್ನದರಿಂದಲೂ ಅಷ್ಟೇ. ಮೊನ್ನೆ ಅಕ್ಕ ಬಂದಿದ್ದಾಗ, ಅಪ್ಪನಿಗೆ ಜ್ವರವಿತ್ತೋ ಇಲ್ಲವೋ ಎಂಬ ಇದೇ ಜಗಳ ಎದ್ದಿತು. ಪೇಪರು ಕೈಗೆತ್ತಿಕೊಂಡು ಅಪ್ಪನ ಹಾಗೆ “ಯಲೆಕ್ಷನ್” ಅಂದೆ.

“ಹಂಗಲ್ಲೋ. ನೀ ಅಣಗಸ್ದಂಗ ಆಗ್ತೈತಿ,” ಅಂದಳು. “ಅಪ್ಪ ಹಿಂಗ ಅಂತಿದ್ದ.”

ಅವಳು ಹೇಳಿದಳು. ಅದೂ ಅಲ್ಲವೆಂದು ಇಬ್ಬರಿಗೂ ಗೊತ್ತಾಯಿತು. ಮತ್ತೆ ನಾನು, ಮತ್ತೆ ಅವಳು. ಹತ್ತು ಸಲ ಆಗಿರಬೇಕು. ತಿದ್ದಿ ಹೇಳುವವರು ಯಾರೂ ಇರಲಿಲ್ಲ.