ಕಮಲಾಕ್ಷ ಭಟ್ಟರ ಹಣೆ

ಬ್ಯಾಗಿನ ಅಂಗಡಿಗೆ ಬಂದವರು ಬ್ಯಾಗನ್ನು ನೋಡಬೇಕು. ಅಂಗಡಿಯ ಮೇಲಿನ ಫ್ಲ್ಯಾಟಿಗೆ ಹೊಸದಾಗಿ ಬಂದ ಭಟ್ಟರ ಹುಡುಗ ಸುಘೋಷ ನೋಡುತ್ತಿದ್ದದ್ದು ನನ್ನ ಮುಖವನ್ನು. ಕೆನ್ನೆ, ಮೂಗಿನ ಬದಿ, ಕಣ್ಣಿನ ಕೆಳಗಿನ ಜೋಲು, ಒಂದನ್ನೂ ಬಿಡದೆ. ಕಮರುದ್ದೀನ್ ಎಂಬ ನಾನು ಕೊಡಿಯಾಲ್‌ಬೈಲಿನಲ್ಲಿ ಮೂವತ್ತು ವರ್ಷ ವ್ಯಾಪಾರ ಮಾಡಿದವನು. ಕೊಳ್ಳದೆ ನೋಡುವವನನ್ನು ನಂಬುವ ಪೈಕಿ ಅಲ್ಲ.

ಕೊನೆಗೊಂದು ದಿನ ಬಾಯಿಬಿಟ್ಟ. ಕಂಪ್ಯೂಟರ್ ಆಟಗಳಲ್ಲಿ ಓಡಾಡುವ ಮನುಷ್ಯರಿಗೆ ಚರ್ಮ ಮಾಡುವುದು ಅವನ ಕೆಲಸವಂತೆ. ಯಾರೋ ಬೋಳು ಗೊಂಬೆ ಮಾಡಿ ಕಳಿಸುತ್ತಾರೆ. ಇವನು ಅದಕ್ಕೆ ರೋಮದ ತೂತು, ಸುಕ್ಕು, ಬಿಸಿಲಿನ ಕಲೆ ಎಲ್ಲ ಹಾಕಿ ಜೀವ ಬಂದ ಹಾಗೆ ಕಾಣಿಸಬೇಕು. ಈಗೊಬ್ಬ ಮುದುಕ ಮೀನುಗಾರನಿಗೆ ಚರ್ಮ ಬೇಕಿತ್ತು. ಸಿಕ್ಕಿದ್ದು ನಾನು. ಭಟ್ಟರ ಮಗನಿಗೆ ಲೋಕದಲ್ಲಿ ಬೇರೆ ಕೆಲಸವೇ ಸಿಗಲಿಲ್ಲವೇ ಎಂದುಕೊಂಡೆ.

"ಮುಖ ನಿಮ್ಮದಲ್ಲ ಕಾಕ, ಚರ್ಮ ಮಾತ್ರ. ಯಾರಿಗೂ ಗುರುತು ಸಿಗುವುದಿಲ್ಲ," ಎಂದ.

ಮುಖ ಬಿಟ್ಟ ಚರ್ಮ ಎಂಥದ್ದು? ಅವನು ಕೊಟ್ಟ ಒಪ್ಪಿಗೆಯ ಕಾಗದವನ್ನು ಮೂರು ಸಲ ಓದಿಸಿ, ಒಂದು ಷರತ್ತಿನ ಮೇಲೆ ಸಹಿ ಹಾಕಿದೆ. ನಮಾಜಿನಲ್ಲಿ ನೆಲಕ್ಕೆ ತಾಗಿ ತಾಗಿ ನನ್ನ ಹಣೆಯ ನಡುವೆ ಕಪ್ಪು ಕಲೆಯೊಂದು ಬಿದ್ದಿದೆ. ಅದು ಯಾರ ಮುಖಕ್ಕೂ ಹೋಗಕೂಡದು. ಅವನು ತಾಯಿಯ ಮೇಲೆ ಆಣೆ ಹಾಕಿದ. ನಂತರ ನನ್ನ ಟೊಪ್ಪಿ ತೆಗೆಸಿ, ಚರ್ಮ ಹೊಳೆಯದ ಹಾಗೆ ದೀಪಕ್ಕೂ ಕ್ಯಾಮರಾಕ್ಕೂ ಫಿಲ್ಟರ್ ಕಟ್ಟಿ, ಒಂದೂವರೆ ಗಂಟೆ ಇಂಚಿಂಚಾಗಿ ಫೋಟೊ ತೆಗೆದ. ಅಷ್ಟು ಶ್ರದ್ಧೆ ಕಂಡು ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಮನೆಯಲ್ಲಿ ಹೆಂಡತಿ ಝೈನಬಳಿಗೂ ಹೇಳಲಿಲ್ಲ.

ಮೂರು ತಿಂಗಳು ಕಳೆದು, ಅವನ ಟ್ರಾಲಿ ಬ್ಯಾಗಿನ ಜಿಪ್ ಸರಿಮಾಡಿಸಿ ಕೊಡಲು ಮೇಲೆ ಹೋದೆ. ಬಾಗಿಲು ತೆರೆದಿತ್ತು. ಕಂಪ್ಯೂಟರ್ ಪರದೆಯ ಮೇಲೆ ಒಬ್ಬ ಮುದುಕ. ಮೀನುಗಾರನಲ್ಲ, ಹೆಗಲ ಮೇಲೆ ಜನಿವಾರ. ಹಣೆಯ ನಡುವೆ ನನ್ನ ಕಲೆ.

ಮೈಯೆಲ್ಲ ಉರಿದುಹೋಯಿತು. "ಇದು ಎಂತ?" ಎಂದೆ.

ಅದು ನಾಲ್ಕು ವರ್ಷದ ಹಿಂದೆ ತೀರಿಹೋದ ಅವನ ತಂದೆಯಂತೆ, ದೇವಸ್ಥಾನದ ಅರ್ಚಕರಾಗಿದ್ದ ಕಮಲಾಕ್ಷ ಭಟ್ಟರು. ಮನೆಯಲ್ಲಿದ್ದ ಫೋಟೊಗಳನ್ನೆಲ್ಲ ಸ್ಟುಡಿಯೋದವರು ಟಚಪ್ ಮಾಡಿ ಸುಣ್ಣ ಬಳಿದ ಗೋಡೆಯಂತೆ ಮಾಡಿಟ್ಟಿದ್ದರು. ಒಂದರಲ್ಲೂ ಸುಕ್ಕಿಲ್ಲ. ತಾಯಿ ಕಣ್ಣು ಮುಚ್ಚಿದರೆ ಈಗ ಆ ಬಿಳಿ ಮುಖವೇ ಬರುತ್ತದಂತೆ, ಗಂಡನ ಮುಖ ಬರುವುದಿಲ್ಲವಂತೆ. ಅದಕ್ಕೇ ತಂದೆಗೆ ನನ್ನ ಚರ್ಮ ತೊಡಿಸಿದ್ದ. ಕಲೆ ಅಳಿಸಲು ಮರೆತೆ ಎಂದ. ಹಸಿ ಸುಳ್ಳು. ರೋಮದ ತೂತು ಬಿಡದವನಿಗೆ ನಾಲ್ಕಾಣೆಯಗಲದ ಕಲೆ ಮರೆತುಹೋಗುತ್ತದೆಯೇ?

"ಈಗಲೇ ತೆಗಿ. ನಾನು ಇಲ್ಲೇ ನೋಡ್ತಾ ಇರ್ತೇನೆ."

ತೆಗೆದ. ಎರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವನ ತಾಯಿ ಮುಕ್ತಾ ಅಮ್ಮ ನನಗೆ ಚಹಾ ತಂದರು. ಲೋಟ ಕೊಟ್ಟು ಪರದೆಯ ಕಡೆ ತಿರುಗಿದವರು ಕನ್ನಡಕ ಸರಿಮಾಡಿಕೊಂಡರು.

"ಇದು ಯಾರು? ನಿನ್ನೆ ಅವರೇ ಇದ್ದರಲ್ಲ. ಅಂಗಾರದ ಕಲೆ ಎಲ್ಲಿ ಹೋಯ್ತು?"

ಭಟ್ಟರು ನಲವತ್ತು ವರ್ಷ ದಿನಾ ಹಣೆಗೆ ಅಂಗಾರ ಅಕ್ಷತೆ ಹಚ್ಚುತ್ತಿದ್ದರಂತೆ. ಆ ಇದ್ದಿಲಿನ ಕಪ್ಪು ತೊಳೆದರೂ ಹೋಗದೆ ಅಲ್ಲೇ ಕೂತುಬಿಟ್ಟಿತ್ತಂತೆ. ಸ್ಟುಡಿಯೋದವರು ಅದನ್ನೂ ಉಳಿಸಿರಲಿಲ್ಲ. ಮಗನೇ ಹೇಳಿಕೊಟ್ಟು ನಾಟಕ ಆಡಿಸುತ್ತಿದ್ದಾನೋ ಎಂದು ಅವನನ್ನು ದಿಟ್ಟಿಸಿದೆ. ಅವನು ನೆಲ ನೋಡುತ್ತಿದ್ದ. ಅಮ್ಮ ಮಾತ್ರ ಪರದೆಗೆ ಮೂಗು ತಾಗುವಷ್ಟು ಬಗ್ಗಿ, ಕಳೆದದ್ದನ್ನು ಹುಡುಕುತ್ತಲೇ ಇದ್ದರು. ನಾನು ಅವನ ಪಕ್ಕಕ್ಕೆ ಸರಿದೆ.

"ಹಾಕು ಮಾರಾಯ," ಎಂದೆ, ಅವನಿಗಷ್ಟೇ ಕೇಳುವಂತೆ.

ಕಲೆ ತಿರುಗಿ ಬಂತು. "ಹಾಂ, ಇವರೇ," ಎಂದು ಅಮ್ಮ ಆ ಹಣೆಯ ಮೇಲಿನ ಧೂಳನ್ನು ಸೆರಗಿನಿಂದ ಮೆಲ್ಲಗೆ ಒರೆಸಿದರು. ಆಮೇಲೆ, ಚಹಾಕ್ಕೆ ಸಕ್ಕರೆ ಸಾಕಾ ಎಂದು ಕೇಳುತ್ತ ನನ್ನ ಕಡೆ ತಿರುಗಿದರು. ನಾನು ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಸಾಕು ಎಂದೆ.