ಬಾಕ್ಸಿನೊಳಗಿನ ರೂಪಾಯಿ

ಎದುರುಮನೆಯ ಯಜಮಾನರನ್ನು ಯಾರೋ ಒಬ್ಬ ಮೋಸ ಮಾಡಿ ಮುಗಿಸಿದ ಎಂದು ನಮ್ಮ ಬೀದಿಯವರು ಹೇಳುತ್ತಾರೆ. ಮೋಸಗಾರ ಬಂದದ್ದು ನಿಜ. ಆದರೆ ಅವನು ಬರುವ ಹೊತ್ತಿಗೆ ಎದುರುಮನೆಯವರು ತಮ್ಮ ಕಣ್ಣನ್ನು ತಾವೇ ಎತ್ತಿಟ್ಟಾಗಿತ್ತು. ನಡೆದದ್ದು ಇಷ್ಟೇ.

ಮೊನ್ನೆ ಸೊಸೆ ಫೋನಿಗೆ ಹೊಸ ಕವರ್ ತಂದು ನನ್ನ ಪಕ್ಕದಲ್ಲೇ ಬಿಚ್ಚಿದಳು. ಗಟ್ಟಿ ಪ್ಲಾಸ್ಟಿಕ್ಕಿನ ಹಸಿ ವಾಸನೆ ಮೂಗಿಗೆ ಬಡಿಯಿತು. ಕೊನೆಕೊನೆಗೆ ಎದುರುಮನೆಯವರ ಕೈಯಿಂದ ಬರುತ್ತಿದ್ದದ್ದು ಅದೇ ವಾಸನೆ...

ಮೊದಲೆಲ್ಲ ಆ ಕೈಯಲ್ಲಿ ಎಣ್ಣೆಯ ವಾಸನೆ ಇರುತ್ತಿತ್ತು. ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರಲ್ಲಿ ಲೇತ್ ಮೆಷಿನ್ನಿನ ಮುಂದೆ ಆಯಸ್ಸು ಸವೆಸಿದ ಮನುಷ್ಯ. ಹಳೇ ನಾಣ್ಯ ಕೂಡಿಡುವ ಹುಚ್ಚು. ಮನೆ ತುಂಬ ಬಿಸ್ಕತ್ತಿನ ಡಬ್ಬಗಳು, ಡಬ್ಬಗಳ ತುಂಬ ನಾಣ್ಯ. ಬೀದಿಯಲ್ಲಿ ಯಾರ ಮನೆಯ ಪೆಟ್ಟಿಗೆಯಲ್ಲಿ ಹಳೇ ದುಡ್ಡು ಸಿಕ್ಕಿದರೂ ಅವರ ಹತ್ತಿರ ಬರುತ್ತಿತ್ತು. ಅವರು ಮೊದಲು ನಾಣ್ಯದ ಮುಖ ನೋಡುತ್ತಿರಲಿಲ್ಲ. ಅಂಚಿನ ಗೀರುಗಳ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಿದ್ದರು. "ಮುಖಕ್ಕೆ ಎಲ್ರೂ ಪೌಡರ್ ಹಾಕ್ತಾರೆ ಅಕ್ಕ, ಅಂಚು ಯಾರೂ ತಿದ್ದಲ್ಲ" ಎನ್ನುತ್ತಿದ್ದರು. ಲೇತ್ ಕೆಲಸದವರಿಗೆ ಅಂಚು ಓದಲು ಬರುತ್ತದೆ.

ಒಂದು ಸಲ ತಪ್ಪಿದರು. ಅವರು ಅಸಲಿ ಎಂದ ರೂಪಾಯಿಯನ್ನು ಅವರ ಸ್ನೇಹಿತರೊಬ್ಬರು ನಾಣ್ಯ ಪರೀಕ್ಷೆ ಮಾಡುವ ಕಂಪನಿಗೆ ಕಳಿಸಿದ್ದರು. ಖೋಟಾ ಎಂದು ವಾಪಸ್ ಬಂತು. ಎರಡು ದಿನ ಭೂತಗನ್ನಡಿ ಹಿಡಿದು ಕೂತರು. ಮೂರನೇ ದಿನ ತಪ್ಪು ನನ್ನದೇ ಎಂದರು. ಆವತ್ತು ಕಂಪನಿಯವರೇ ಸರಿ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಒಂದು ಸಲ ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ನಾನು ಒಲೆ ಹಚ್ಚುವುದನ್ನು ಬಿಟ್ಟೆನೇ? ಅವರು ಬಿಟ್ಟರು.

ಆಮೇಲೆ ಎಲ್ಲವನ್ನೂ ಕೊರಿಯರಿನಲ್ಲಿ ಕಳಿಸತೊಡಗಿದರು. ಕಂಪನಿಯವರು ನಾಣ್ಯ ನೋಡಿ ಎಪ್ಪತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಹಾಕುತ್ತಾರೆ. ಗಾಜಿನಂಥ ಪ್ಲಾಸ್ಟಿಕ್ ಬಾಕ್ಸಿನಲ್ಲಿ ಅದನ್ನು ಸೀಲ್ ಮಾಡಿ, ಮೇಲೆ ಚೀಟಿ, ಚೀಟಿಯಲ್ಲಿ ಒಂದು ನಂಬರ್. ಬಾಕ್ಸ್ ಒಡೆದರೆ ಮಾರ್ಕ್ಸು ಲೆಕ್ಕಕ್ಕಿಲ್ಲ. ಅಂಚು ಮಾತ್ರ ಒಳಗೆ ಮುಚ್ಚಿಹೋಗಿರುತ್ತಿತ್ತು.

ಒಮ್ಮೆ ಅವರೇ ಒಂದು ಬಾಕ್ಸ್ ಒಡೆದು ಅದೇ ನಾಣ್ಯವನ್ನು ಮತ್ತೆ ಕಳಿಸಿ ನೋಡಿದರು.

"ಅಕ್ಕ, ಹೋದ್ಸಲ ಅರವತ್ತೆರಡು ಕೊಟ್ಟಿದ್ರು. ಈ ಸಲ ಐವತ್ತೆಂಟು!"

"ಮೇಷ್ಟ್ರು ಕಾಫಿ ಕುಡಿದಿರ್ಲಿಲ್ವೇನೋ" ಎಂದೆ.

ನಕ್ಕರು. ಆದರೆ ಕಳಿಸುವುದನ್ನು ನಿಲ್ಲಿಸಲಿಲ್ಲ. ಬೀದಿಯವರು ನಾಣ್ಯ ತಂದರೆ ಕೈ ಸಹ ಚಾಚುತ್ತಿರಲಿಲ್ಲ. "ಕಂಪನಿಗೆ ಕಳ್ಸಿ" ಎಂದು ಬಾಗಿಲಿನಿಂದಲೇ ಹೇಳುತ್ತಿದ್ದರು. ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಅವರ ಹೆಂಡತಿ ಒಂದು ದಿನ ಹೂ ಕಟ್ಟುತ್ತಾ, "ಅಕ್ಕ, ಇವ್ರು ನಾಣ್ಯ ಮುಟ್ಟೋಕೇ ಹೆದರ್ತಾರೆ ಈಗ" ಎಂದಳು.

ನಾಣ್ಯದ ಎಕ್ಸಿಬಿಷನ್ನಿನಲ್ಲಿ ಒಬ್ಬ ಗಂಟು ಬಿದ್ದ. ಅವನ ಹತ್ತಿರ ಬಾಕ್ಸಿನಲ್ಲಿದ್ದ ಒಂದು ಬೆಳ್ಳಿ ರೂಪಾಯಿ. ದೇಶದಲ್ಲಿ ಕೈಬೆರಳೆಣಿಕೆಯಷ್ಟೇ ಇವೆಯಂತೆ. ಇವರು ಮನೆಯ ಅಷ್ಟೂ ಡಬ್ಬಗಳನ್ನು ಆಟೋಗೆ ಹಾಕಿಕೊಂಡು ಹೋದರು. ವಾಪಸ್ ಬಂದಾಗ ಕೈಯಲ್ಲಿ ಆ ಒಂದು ಬಾಕ್ಸ್ ಮಾತ್ರ ಇತ್ತು. ಆಯಸ್ಸಿಡೀ ಕೂಡಿಟ್ಟದ್ದೆಲ್ಲ ಅಂಗೈಯಗಲದ ಪ್ಲಾಸ್ಟಿಕ್ಕಿಗೆ ಹೋಗಿತ್ತು.

ನೇರ ನಮ್ಮ ಮನೆಗೆ ತಂದರು. ಫೋನಿನಲ್ಲಿ ಕಂಪನಿಯ ಪುಟ ತೆಗೆದು, "ನೋಡಿ ಅಕ್ಕ, ಬಾಕ್ಸಿನ ನಂಬರ್ ಹಾಕಿದ್ರೆ ಅಲ್ಲೂ ಅದೇ ಬರುತ್ತೆ. ಇದಕ್ಕಿಂತ ಸಾಕ್ಷಿ ಬೇಕಾ?" ಎಂದರು.

ನಾನು ನಾಲ್ಕನೇ ಕ್ಲಾಸು. ಇಂಗ್ಲಿಷ್ ಬಾರದು. ನಂಬರಿನ ಕೆಳಗೆ ಒಂದು ಫೋಟೋ ಇತ್ತು, ಅದನ್ನು ನೋಡಿದೆ. ಫೋಟೋದಲ್ಲಿ ರೂಪಾಯಿಯ ಮೇಲಿನ ರಾಜನ ಕಿವಿಯ ಕೆಳಗೆ ಎಳ್ಳುಕಾಳಿನಷ್ಟು ಕಪ್ಪು ಕಲೆ. ಬಾಕ್ಸನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಿವಿಯ ಕೆಳಗೆ ಏನೂ ಇರಲಿಲ್ಲ.

"ಇದು ಅದಲ್ಲ" ಎಂದೆ.

"ಏನು ಅದಲ್ಲ?"

"ಫೋಟೋದ ರೂಪಾಯಿ ಬೇರೆ, ಇದು ಬೇರೆ. ಯಾರೋ ಅದರ ನಂಬರ್ ಕದ್ದು ಬಾಕ್ಸನ್ನೇ ನಕಲು ಮಾಡವ್ರೆ."

ಅವರ ಮುಖ ಬೂದಿಯಾಯಿತು. "ಫೋಟೋ ಬೆಳಕು ಹಂಗಿದೆ ಅಷ್ಟೇ. ಓದು-ಬರಹ ಇಲ್ದೋರು ನೀವು, ನಿಮ್ಗೇನು ಗೊತ್ತಾಗುತ್ತೆ?" ಎಂದು ಕಸಿದುಕೊಂಡರು. ಅಷ್ಟು ವರ್ಷದಲ್ಲಿ ನನಗೆ ಒಂದೂ ಒರಟು ಮಾತು ಆಡಿದವರಲ್ಲ. ಬಾಗಿಲು ದಾಟುವಾಗ ಅವರ ಹೆಬ್ಬೆರಳು ಬಾಕ್ಸಿನ ಬದಿಯನ್ನು ಉಜ್ಜುತ್ತಿತ್ತು, ಒಳಗೆ ಹೋಗಲು ದಾರಿ ಹುಡುಕುವ ಹಾಗೆ...

ಒಡೆದು ನೋಡಿದ್ದರೆ ಒಂದು ನಿಮಿಷದ ಕೆಲಸ. ಅವರು ಒಡೆಯಲಿಲ್ಲ. ಒಡೆದರೆ ಗೊತ್ತಾಗಿಬಿಡುತ್ತಿತ್ತು. ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹತ್ತಿರ ಕೂರುತ್ತಿದ್ದರು. ನಾನು ಗುಡಿಸಲು ಹೊರಗೆ ಬಂದರೆ ಪರದೆ ಎಳೆಯುತ್ತಿದ್ದರು. ಊಟ ಕಡಿಮೆಯಾಯಿತು, ಆಮೇಲೆ ಮಾತು. ಮೂರು ತಿಂಗಳಲ್ಲಿ ಹೋಗಿಬಿಟ್ಟರು. ಡಾಕ್ಟರು ಎದೆ ಎಂದರು. ಇರಬಹುದು.

ತಿಥಿ ಕಳೆದ ಮೇಲೆ ಆ ಬಾಕ್ಸನ್ನು ಕೊಳ್ಳಲು ಅತ್ತಿಗುಪ್ಪೆಯಿಂದ ಒಬ್ಬ ಗಿರಾಕಿ ಬಂದ. ಅವರ ಹೆಂಡತಿ ನನ್ನನ್ನೂ ಕರೆದಳು. ಅವನ ಮುಂದೆಯೇ ಹೇಳಿದೆ, ಇದು ಖೋಟಾ ಎಂದು. ಅವನಿಗೆ ಬೇಸರವೂ ಆಗಲಿಲ್ಲ.

"ಇರ್ಲಿ ಬಿಡಿ ಅಜ್ಜಿ. ಒಳಗಿರೋದನ್ನ ಯಾರು ನೋಡ್ತಾರೆ? ಬಾಕ್ಸ್ ಚೆನ್ನಾಗಿದೆ, ನಂಬರ್ ಓಡುತ್ತೆ. ನಾಳೆ ಮಧ್ಯಾಹ್ನ ಬಂದು ತಗೊಂಡ್ಹೋಗ್ತೀನಿ. ಒಡೀಬೇಡಿ ಮಾತ್ರ."

ಅವನು ಹೋದ ಮೇಲೆ ಇನ್ನಾರದೋ ಮನೆಯ ಕಿಟಕಿ, ಇನ್ನಾರದೋ ತೊಡೆ ನನ್ನ ಕಣ್ಣ ಮುಂದೆ ಬಂತು. ಅವಳಿಗೂ ಬಂದಿರಬೇಕು.

ಈಗ ಎದುರುಮನೆಗೆ ಬೀಗ ಬಿದ್ದಿದೆ. ಅವಳು ಅನ್ನಪೂರ್ಣೇಶ್ವರಿ ನಗರದ ಮಗಳ ಮನೆಯಲ್ಲಿದ್ದಾಳೆ. ಎದುರಿಗೆ ಕೂತು ಕಾಫಿ ಕುಡಿಯುವವರು ನನಗೆ ಯಾರೂ ಉಳಿದಿಲ್ಲ. ನಾನು ಆವತ್ತು ಬಾಯಿ ಮುಚ್ಚಿಕೊಂಡಿದ್ದರೆ ಅವರು ಇನ್ನೂ ನಾಲ್ಕು ದಿನ ಇರುತ್ತಿದ್ದರೇನೋ. ಆದರೂ ಹೇಳಿದ್ದು ತಪ್ಪು ಅನ್ನಿಸಿಲ್ಲ.

ಗಿರಾಕಿ ಬಂದುಹೋದ ಮಾರನೇ ಬೆಳಗ್ಗೆ, ಕಸದ ಗಾಡಿ ಬರುವ ಮೊದಲೇ, ಕುಟ್ಟಾಣಿಯ ಗುಂಡು ಹಿಡಿದು ಅವರ ಮನೆಗೆ ಹೋದೆ. ಅವಳು ಏನೂ ಕೇಳದೆ ಬಾಕ್ಸನ್ನು ತಂದು ಮೆಟ್ಟಿಲ ಮೇಲಿಟ್ಟಳು. ನಾಲ್ಕನೇ ಏಟಿಗೆ ಒಡೆಯಿತು. ಬರೀ ನಾಣ್ಯವನ್ನು ಅವಳ ಕೈಗೆ ಹಾಕಿದೆ. ಚೂರುಗಳನ್ನೂ ನಂಬರಿನ ಚೀಟಿಯನ್ನೂ ಗುಡಿಸಿ ಒಣಕಸದ ಚೀಲಕ್ಕೆ ತುಂಬಿ, ಗಾಡಿ ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದೆ.