ಮನಸ್ಸು ಮಾರಿದ ಗದಿಗೆಮ್ಮ

ಗದಿಗೆಮ್ಮನಿಗೆ ತೆಲುಗು ಚೆನ್ನಾಗಿ ಬರುತ್ತದೆ ಎಂದು ಮಿಯಾಪುರದ ಆ ಲೇಬರ್ ಕ್ಯಾಂಪಿನಲ್ಲಿ ಎಲ್ಲರೂ ನಂಬಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದವಳು ಗದಿಗೆಮ್ಮನೇ. ದೇವದುರ್ಗದ ಕಡೆಯಿಂದ ಬಂದು ಹನ್ನೊಂದು ವರ್ಷದಿಂದ ಅಪಾರ್ಟ್‌ಮೆಂಟುಗಳಿಗೆ ಇಟ್ಟಿಗೆ ಹೊರುತ್ತಿರುವ ವಿಧವೆ. ಬಾ, ಹೋಗು, ಎತ್ತು, ಬೇಗ ಎನ್ನುವಷ್ಟು ತೆಲುಗು ತಿಳಿದರೆ ಕೂಲಿ ನಡೆದುಹೋಗುತ್ತದೆ. ದೇವರ ಮಾತಿಗೆ ಅಷ್ಟು ಸಾಲದು ಎಂದು ಅವಳಿಗೆ ಹೇಳುವವರು ಯಾರು?

ದೇವರ ಮಾತು ಅವಳ ಶೆಡ್ಡಿಗೆ ಬಂದದ್ದು ಗಂಜಿಯ ಜೊತೆಗೆ. ಎರಡು ವರ್ಷದ ಹಿಂದೆ ಟೈಫಾಯ್ಡ್ ಬಂದು ತಗಡಿನ ಕೆಳಗೆ ಬೇಯುತ್ತ ಬಿದ್ದಿದ್ದಾಗ, ಹತ್ತಿರದ ಕ್ಲಿನಿಕ್ಕಿನ ಆಯಾ, ಸುವರ್ಣಾ ಎಂಬ ತೆಲುಗಿನವಳು ದಿನಾ ಬಂದು ಗಂಜಿ ಕುಡಿಸಿ, ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೋಗುತ್ತಿದ್ದಳು. ಗುಣವಾದ ಮೇಲೆ ಮುಲಾಜಿಗೆ ಬಿದ್ದು ಗದಿಗೆಮ್ಮ ಒಂದು ಭಾನುವಾರ ಅವಳ ಚರ್ಚಿಗೆ ಹೋದಳು. ಅಂಗಡಿಯ ಮೇಲಿನ ಬಾಡಿಗೆ ಹಾಲ್, ನೆಲದ ಮೇಲೆ ಚಾಪೆ. ಬಾಗಿಲಲ್ಲೇ ಯಾರೋ ಹೆಸರು ಕೇಳಿ, "ಕೂರ್ಚೋಂಡಮ್ಮಾ" ಎಂದು ಜಾಗ ತೋರಿಸಿದರು. ಆವರೆಗಿನ ಒಂಬತ್ತು ವರ್ಷದಲ್ಲಿ ಈ ಊರು ಅವಳಿಗೆ ಕೂತುಕೋ ಎಂದದ್ದು ಅದೇ ಮೊದಲು. ಅವತ್ತು ಅತ್ತುಬಿಟ್ಟಳು. ಮುಂದಿನ ವಾರ ಮುಲಾಜು ಬೇಕಾಗಲಿಲ್ಲ.

ರುಚಿಯಾದದ್ದನ್ನು ಒಬ್ಬಳೇ ಉಣ್ಣುವವಳಲ್ಲ ಅವಳು. ಅದೇ ಶೆಡ್ಡಿನಲ್ಲಿ ಅವಳೂರಿನವರೇ ಆದ ಹಂಪಮ್ಮ, ಸುಗಲಮ್ಮ ಇದ್ದರು. ಅವರನ್ನೂ ಕರೆದೊಯ್ಯಬೇಕೆಂದು ಹಟ ಹಿಡಿದಳು. ಭಾನುವಾರ ಬೆಳಗ್ಗೆ ನೀರಿನ ಟ್ಯಾಂಕರು ಬರುತ್ತದೆ, ಬಿಟ್ಟು ಬರಲಾಗದು ಎಂದರು; ಶನಿವಾರವೇ ಮೂವರ ಡ್ರಮ್ಮೂ ತಾನೇ ತುಂಬಿಸಿಟ್ಟಳು. ಕ್ಯಾಂಪಿನ ಗೇಟು ದಾಟಲು ಪಾಸು ಬೇಕು, ಅದೂ ಸಂತೆಗೆ ಮಾತ್ರ. ಏಳಕ್ಕೇ ಸಂತೆ ಮುಗಿಸಿ, ಚೀಲಗಳನ್ನು ಚರ್ಚಿನ ಮೆಟ್ಟಿಲ ಕೆಳಗೆ ತುರುಕಿಸಿದಳು. ತೆಲುಗು ತಿಳಿಯುವುದಿಲ್ಲ ಎಂದರು. "ನಾ ಅದೀನಲ್ಲ?" ಎಂದು ಇಬ್ಬರ ನಡುವೆ ಕೂತು ಕಿವಿಯಲ್ಲಿ ಕನ್ನಡ ಮಾಡತೊಡಗಿದಳು.

ಅನಾಹುತವಾದದ್ದು ಅಲ್ಲೇ. ಪಾಸ್ಟರು ಕೈಯೆತ್ತಿ, "ಮಾರುಮನಸ್ಸು ಪೊಂದಂಡಿ" ಎಂದರು.

"ಏನಂದ್ರು?" ಎಂದಳು ಹಂಪಮ್ಮ.

"ಮನಸು ಮಾರಬೇಕಂತ."

"ಯಾರಿಗೆ?"

"ಯೇಸುಗ. ಇನ್ಯಾರಿಗೆ?"

ಎರಡು ವರ್ಷದಿಂದ ಅವಳು ಅದನ್ನು ಹಾಗೆಯೇ ತಿಳಿದಿದ್ದಳು. ಆ ಮಾತು ಅವಳಿಗೆ ಬಲು ಹಿಡಿಸಿತ್ತು ಕೂಡ. ಮೈಯಂತೂ ದಿನವಿಡೀ ಮೇಸ್ತ್ರಿಯ ಪಾಲು, ಮನಸ್ಸಾದರೂ ಒಳ್ಳೆಯ ಕೈ ಸೇರಲಿ ಎಂದುಕೊಂಡಿದ್ದಳು.

ಹಂಪಮ್ಮ ವಾರವೆಲ್ಲ ಅದನ್ನೇ ಮೆಲುಕು ಹಾಕುತ್ತ ಸಿಮೆಂಟು ಕಲಸಿ, ಮುಂದಿನ ಭಾನುವಾರ ಆ ಚಾಪೆಯ ಮೇಲೆ ಮೊಣಕಾಲೂರಿದಳು. "ಅಕ್ಕಾ, ನಂದೂ ಕೊಟ್ಟುಬಿಟ್ಟೆ" ಎಂದಳು. ಸುಗಲಮ್ಮ ಮಾತ್ರ ನಕ್ಕು, ನಲ್ಲಿಯ ಹತ್ತಿರ ನಾಲ್ಕು ಜನರಿಗೆ ಹೇಳಿದಳು. ಚರ್ಚಿನಲ್ಲಿ ಮನಸ್ಸು ಮಾರಿಸುತ್ತಾರಂತೆ ಎಂದು ಹೊರಟ ಸುದ್ದಿ, ಕ್ಯಾಂಪು ಸುತ್ತಿ ಬರುವಷ್ಟರಲ್ಲಿ ಹೆಣ್ಣುಮಕ್ಕಳನ್ನೇ ಮಾರುತ್ತಾರಂತೆ ಎಂದಾಗಿತ್ತು.

ಸುದ್ದಿ ಮೇಸ್ತ್ರಿ ಸುಬ್ಬಣ್ಣನ ಕಿವಿಗೂ ಬಿತ್ತು. ಕೆಟ್ಟವನಲ್ಲ ಆತ. ನಲವತ್ತು ಹೆಂಗಸರನ್ನು ತನ್ನ ಮಾತಿನ ಮೇಲೆ ಊರಿನಿಂದ ಕರೆತಂದವನು. "ಊರಿಗೆ ಹೋಗಿ ನಾ ಹೆಂಗ ಮಕ ತೋರಸ್ಲಿ?" ಎಂದು ಕೂಗಾಡಿ ಗದಿಗೆಮ್ಮನ ಪಾಸು ಕಸಿದುಕೊಂಡ. ಅವಳೊಡನೆ ಯಾರೂ ಕೂರಕೂಡದು ಎಂದ. ಹಂಪಮ್ಮನನ್ನು ಬೇರೆ ಶೆಡ್ಡಿಗೆ ಹಾಕಿದ.

ಒಂದು ತಿಂಗಳು ಗದಿಗೆಮ್ಮನ ಲೋಕವೆಂದರೆ ಶೆಡ್ಡು, ಕಟ್ಟಡ, ಸುತ್ತಲಿನ ತಗಡಿನ ಗೋಡೆ, ಇಷ್ಟೇ. ಗೋಡೆಯಾಚೆ ಮೆಟ್ರೋ ಬಂದು ಹೋಗುವುದು ಕೇಳುತ್ತಿತ್ತು. ತಾನು ಆಡಿದ್ದು ಒಂದೇ ಮಾತು, ಅದು ಹೇಗೆ ಉರುಲಾಯಿತೆಂದು ತಿಳಿಯದೆ ಒಳಗೊಳಗೇ ಕುದಿದಳು. ಕೊನೆಗೆ ಸುವರ್ಣಾಳಿಗೆ ಫೋನು ಮಾಡಿದಳು. ಸುವರ್ಣಾ ಮೊದಲು ನಕ್ಕಳು, ಆಮೇಲೆ ಬಿಡಿಸಿ ಹೇಳಿದಳು: ತೆಲುಗಿನಲ್ಲಿ ಮಾರುವುದೆಂದರೆ ಬದಲಾಗುವುದು, ಮನಸ್ಸು ತಿರುಗುವುದು. ಗದಿಗೆಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮುಂದಿನ ಭಾನುವಾರ ಮೇಸ್ತ್ರಿ ಎಲ್ಲರನ್ನೂ ಸೇರಿಸಿದ. "ತಪ್ಪಾತಂತ ಎಲ್ಲಾರ ಮುಂದ ಹೇಳಿಬಿಡು. ಪಾಸ್ ತಗೊಂಡು ಆರಾಮ ಇರು."

ಅವಳು ಎದ್ದು ನಿಂತಳು. "ತಪ್ಪಾತ್ರಿ. ನಾ ಹೇಳಿದ್ದು ತಪ್ಪು. ಅದು ಮಾರೋದಲ್ಲರಿ, ಅದು..."

"ಸಾಕು, ಇಷ್ಟ ಬೇಕಾಗಿತ್ತು!" ಎಂದ ಮೇಸ್ತ್ರಿ ಪಾಸನ್ನು ಅವಳ ಅಂಗೈಯಲ್ಲಿ ಒತ್ತಿದ. ಜನ ಎದ್ದರು, ಗದ್ದಲವಾಯಿತು. ಉಳಿದ ಮಾತು ಅವಳ ಬಾಯಲ್ಲೇ ಉಳಿಯಿತು. ನಿಜ ಹೇಳಬೇಕೆಂದರೆ ಅವಳೂ ಅದನ್ನು ಹೊರಗೆ ಹಾಕಲು ಹೆಚ್ಚು ಒದ್ದಾಡಲಿಲ್ಲ. ತಿಂಗಳ ಮೇಲೆ ಪಾಸು ಸಿಕ್ಕಿತ್ತು. ಕಾಲು ತಾನಾಗಿಯೇ ಗೇಟಿನ ಕಡೆಗೆ ನಡೆಯಿತು.

ಗೇಟಿನ ಹತ್ತಿರ ಹಂಪಮ್ಮ ಅಡ್ಡ ಬಂದಳು. ಕಣ್ಣು ಕೆಂಪಾಗಿತ್ತು. "ನಿನ್ನ ನಂಬಿ ನಾ ಮೊಣಕಾಲೂರಿದ್ದೆ ಅಕ್ಕಾ. ನೀ ಈಗ ತಪ್ಪಂತಿ. ನಾ ಇನ್ನ ಯಾರನ್ನ ಕೇಳ್ಲಿ?"

ಗದಿಗೆಮ್ಮ ಪಾಸು ಹಿಡಿದು ಗೇಟಿನ ಹೊರಗೆ ನೋಡಿದಳು. ಒಂದು ಹೆಜ್ಜೆ ಇಟ್ಟರೆ ರಸ್ತೆ. ಆದರೆ ಇವಳನ್ನು ಹೀಗೆ ನಿಲ್ಲಿಸಿ ತಾನೊಬ್ಬಳೇ ಚರ್ಚಿಗೆ ಹೋಗಿ ಕೂರುವುದಾದರೂ ಹೇಗೆ? ಅವಳ ಕೈ ಹಿಡಿದುಕೊಂಡು ಸೀದಾ ಮೇಸ್ತ್ರಿಯ ಮುಂದೆ ಹೋಗಿ ನಿಂತಳು.

"ಅಣ್ಣಾ, ಅರ್ಧಾ ಮಾತು ಉಳಿದೈತ್ರಿ. ತಪ್ಪಾಗಿದ್ದು ನನ್ನ ತೆಲುಗು, ದೇವರಲ್ಲ. ಯಾರನ್ನೂ ಯಾರೂ ಮಾರಾಕತ್ತಿಲ್ಲ. ಮನಸು ಹೊಳ್ಳಬೇಕು, ತಿರುಗಬೇಕು ಅಂದಿದ್ರು ಅವರು, ಅಷ್ಟ. ನಂದು ಹೊಳ್ಳೈತಿ. ಇನ್ನ ಹಿಂದಕ್ಕ ಬರಂಗಿಲ್ಲ."

ಜನರೆಲ್ಲ ನೋಡುತ್ತಿದ್ದರು. ಮೇಸ್ತ್ರಿ ಕೈಚಾಚಿದ. "ತಾ ಇಲ್ಲಿ ಪಾಸು. ಬಿಲ್ಡಿಂಗ್ ಮುಗಿಯೂಮಟ ಗೇಟ್ ದಾಟಬ್ಯಾಡ. ದಾಟಿದ್ರ ಸೀದಾ ಊರಿಗೆ." ಒಂಬತ್ತು ಮಹಡಿ ಎದ್ದಿದ್ದವು, ಇನ್ನೂ ಐದು ಏಳಬೇಕಿತ್ತು. ಅವಳು ಪಾಸು ಕೊಟ್ಟಳು.

ಮರುವಾರ ಹಂಪಮ್ಮ ತರಕಾರಿ ಚೀಲ ಹಿಡಿದು ಅವಳ ಬಾಗಿಲಿಗೆ ಬಂದಳು. ಸುಗಲಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ನಾ ಒಬ್ಬಾಕಿನ ಹೋಗ್ಲ್ಯಾ? ನಂಗ ಅಲ್ಲಿ ಏನ್ ತಿಳೀತೈತಿ?" ಎಂದಳು ಹಂಪಮ್ಮ.

"ನಂಗರ ಏನ್ ತಿಳಿದಿತ್ತು? ಕುಂದರು ಹೋಗು. ಅವರು ಎದ್ದಾಗ ಏಳು."

ಹಂಪಮ್ಮ ಗೇಟಿನಲ್ಲಿ ಪಾಸು ತೋರಿಸಿ ಹೊರಗೆ ಹೋದಳು. ಗದಿಗೆಮ್ಮ ತಗಡಿನ ಸಂದಿನಿಂದ ಅವಳ ಬೆನ್ನು ನೋಡಿದಳು. ಕೈಹಿಡಿದು ಕರೆದೊಯ್ಯಬೇಕೆಂದು ತಾನು ಒದ್ದಾಡಿದ್ದ ಗೆಳತಿ ತಾನಾಗಿಯೇ ನಡೆದು ಹೋಗುತ್ತಿದ್ದಳು, ಕರೆದವಳು ಒಳಗೆ ಸಿಕ್ಕಿಕೊಂಡಿದ್ದಳು. ಸಂತೋಷವಾಯಿತೇ ಎಂದು ಕೇಳಿದರೆ, ಆಯಿತು ಎನ್ನುತ್ತಾಳೆ. ಹೊಟ್ಟೆಕಿಚ್ಚು ಅದಕ್ಕಿಂತ ಹೆಚ್ಚಾಯಿತು ಎಂದೂ ಅವಳೇ ಒಪ್ಪುತ್ತಾಳೆ.